ಸಿಗ್ನಲ್ ಫುಲ್, ನೆಟ್ ಇಲ್ಲ: ಪೆರ್ಲದ ಗಡಿಮನೆಯ ಒಂದು ಡಾಂಗಲ್ ಪ್ರಕರಣ

2013ರ ಜೂನ್. ಮಳೆ ಹಿಡಿದು ಒಂದು ವಾರ ಆಗಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬೆಳಿಗ್ಗೆಯೇ ಟೀಚರ್ ಫೋನ್ ಮಾಡಿದರು. ಯುಪಿ (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ನಿವೃತ್ತಿಯಾದ ಮೇಲೆ ಪೆರ್ಲದಿಂದ ಆಚೆ, ಅಡ್ಕಸ್ಥಳಕ್ಕೆ ಹೋಗುವ ದಾರಿಯ ಬದಿಯ ತೋಟದ ಮನೆಯಲ್ಲಿ ಇದ್ದಾರೆ. ಅಲ್ಲಿಂದ ಕರ್ನಾಟಕದ ಗಡಿಗೆ ನಡೆದೇ ಹೋಗಬಹುದು.

"ನೆಟ್ಟಿನ ಕಡ್ಡಿ ತಂದು ಹತ್ತು ದಿನ ಆಯಿತು ಮಾರಾಯ. ದೀಪ ಉರಿಯುತ್ತದೆ. ಸಿಗ್ನಲ್ ಪೂರ್ತಿ ಉಂಟು. ಒಂದು ಪುಟ ಬರುವುದಿಲ್ಲ. ಪುಳ್ಳಿಯ ಪ್ಲಸ್ ವನ್ ಅಲಾಟ್‌ಮೆಂಟ್ ನೋಡಬೇಕು. ಎಂತ ಮಾಡುವುದು?"

ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ನೋಡಬಹುದಿತ್ತು. ಆದರೆ ಏಕಜಾಲಕದ, ಅಂದರೆ ಪ್ಲಸ್ ವನ್ (ಹನ್ನೊಂದನೇ ತರಗತಿ) ಸೀಟು ಹಂಚುವ ಕೇರಳದ ಆನ್‌ಲೈನ್ ವ್ಯವಸ್ಥೆಯ, ಅಲಾಟ್‌ಮೆಂಟ್ ಒಂದೇ ಸಲ ನೋಡಿ ಮುಗಿಯುವಂಥದ್ದಲ್ಲ. ಮೊದಲು ಟ್ರಯಲ್ ಬರುತ್ತದೆ, ಅದನ್ನು ನೋಡಿ ಶಾಲೆಗಳ ಆಯ್ಕೆ ಬದಲಿಸಬಹುದು, ಆಮೇಲೆ ಒಂದೊಂದೇ ಪಟ್ಟಿ. ಪ್ರತಿ ಸಲವೂ ಮಳೆಯಲ್ಲಿ ಪೇಟೆಗೆ ಹೋಗಿ ಸಾಲು ನಿಲ್ಲುವುದು ಬೇಡ ಅಂತಲೇ ಅವರು ಡಾಂಗಲ್, ಅಂದರೆ ಸಿಮ್ ಹಾಕಿ ಯುಎಸ್‌ಬಿ ಪೋರ್ಟಿಗೆ ಚುಚ್ಚುವ ನೆಟ್ಟಿನ ಕಡ್ಡಿ, ತಂದದ್ದು. ಪುಳ್ಳಿ, ಅಂದರೆ ಮೊಮ್ಮಗಳು, ಕನ್ನಡ ಮೀಡಿಯಂ ಹುಡುಗಿ. ಕನ್ನಡ ಎರಡನೇ ಭಾಷೆಯಾಗಿ ಸಿಗುವ ಶಾಲೆಯೇ ಆಗಬೇಕು. ಆಯ್ಕೆ ತಪ್ಪಿದರೆ ಎರಡು ವರ್ಷ ಕಷ್ಟ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣ ಇದೆ. ಗಡಿ ಬದಿಯ ಮನೆಗಳಿಂದ ಇಂಥ ದೂರು ನಮಗೆ ಬೇಕಾದಷ್ಟು ಬರುತ್ತಿತ್ತು. ಸಾಮಾನ್ಯವಾಗಿ ಜನ ಮಾಡುವುದು ಒಂದೇ ಕೆಲಸ: ವಿಂಡೋಸ್ ಫಾರ್ಮ್ಯಾಟ್. ಈ ಮನೆಯಲ್ಲಿ ಒಂದರ ಮೇಲೊಂದು ನಾಲ್ಕು ತೊಂದರೆಗಳು ಕೂತಿದ್ದವು. ಫಾರ್ಮ್ಯಾಟ್ ಮಾಡಿದ್ದರೆ ಅವುಗಳಲ್ಲಿ ಒಂದು ಮಾತ್ರ ಹೋಗುತ್ತಿತ್ತು.

ಮನೆ ಮತ್ತು ಕಂಪ್ಯೂಟರ್

ಮೊದಲು ಅವರಿಗೆ ಫೋನ್ ಲೈನಿನ ಬ್ರಾಡ್‌ಬ್ಯಾಂಡ್ ಇತ್ತು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಸಿಡಿಲು ಜಾಸ್ತಿ. ತೋಟದ ಮೇಲಿಂದ ಬರುವ ಉದ್ದದ ಫೋನ್ ತಂತಿಯಲ್ಲಿ ಸಿಡಿಲು ಇಳಿದು ಮೋಡೆಮ್ ಎರಡು ಸಲ ಸುಟ್ಟಿತ್ತು. ಮೂರನೇ ಸಲ ಕಂಬವೇ ಬಿತ್ತು, ಲೈನ್ ಮತ್ತೆ ಬರಲಿಲ್ಲ. ತಂತಿ ಇಲ್ಲದ ಡಾಂಗಲ್ ತೆಗೆದುಕೊಂಡದ್ದು ಹಾಗಾಗಿ.

ಕಂಪ್ಯೂಟರ್ 2004ರದ್ದು. ಪೆಂಟಿಯಂ 4, 512 ಎಂಬಿ ರ್‍ಯಾಮ್, ವಿಂಡೋಸ್ ಎಕ್ಸ್‌ಪಿ, ದಪ್ಪ ಟಿವಿಯಂಥ ಮಾನಿಟರ್. ಬೆಂಗಳೂರಿನಲ್ಲಿರುವ ಮಗ ಹೊಸದು ತಂದುಕೊಡುತ್ತೇನೆ ಅಂದರೂ ಟೀಚರ್ ಬೇಡ ಅಂದಿದ್ದರು. ಅವರ ಬರಹಗಳೆಲ್ಲ ಅದರಲ್ಲೇ ಇದ್ದವು, ಕೈಗೆ ಆ ಕೀಬೋರ್ಡ್ ಅಭ್ಯಾಸವಾಗಿತ್ತು. ನನಗೂ ಅದು ಸರಿ ಅನ್ನಿಸಿತು. ಇ-ಮೇಲ್ ಕಳಿಸಲು, ಪತ್ರಿಕೆ ಓದಲು, ಅಲಾಟ್‌ಮೆಂಟ್ ನೋಡಲು ಆ ಯಂತ್ರ ಸಾಕಿತ್ತು.

ಕಂಪ್ಯೂಟರ್ ಇದ್ದದ್ದು ಚಾವಡಿಯಲ್ಲಿ. ಡಾಂಗಲ್ ಮಾತ್ರ ಮೂರು ಮೀಟರ್ ಉದ್ದದ ಎಕ್ಸ್‌ಟೆನ್ಶನ್ ಕೇಬಲ್‌ನ ತುದಿಯಲ್ಲಿ ಪೂರ್ವದ ಕಿಟಕಿಗೆ ನೇತಾಡುತ್ತಿತ್ತು. "ಅಲ್ಲಿಟ್ಟರೆ ಸಿಗ್ನಲ್ ಕಡ್ಡಿ ಐದೂ ಬರುತ್ತದೆ ಅಣ್ಣ" ಎಂದಳು ಪುಳ್ಳಿ. ಈ ಮಾತನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಎರಡು ಗಂಟೆ ಉಳಿಯುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಅವರು ಮೂರು ಸಲ ಫೋನ್ ಮಾಡಿದ್ದರು. ಮಲಯಾಳದಲ್ಲೇ ಮಾತಾಡಿದ್ದರು, ಟೀಚರಿಗೆ ಅದು ಚೆನ್ನಾಗಿಯೇ ಬರುತ್ತದೆ. ಸಿಗ್ನಲ್ ಪೂರ್ತಿ ಇದೆ ಅಂದ ಮೇಲೆ ತೊಂದರೆ ನಿಮ್ಮ ಕಂಪ್ಯೂಟರಿನದ್ದು, ಸಾಫ್ಟ್‌ವೇರ್ ಮತ್ತೆ ಹಾಕಿ ಅಂತ ಉತ್ತರ. ನೆರೆಮನೆಯ ಹುಡುಗ ಬಂದು ಮೂರು ಸಲ ಹಾಕಿಯೂ ಕೊಟ್ಟಿದ್ದ.

ಎಲ್ಲಿಯವರೆಗೆ ಬರುತ್ತದೆ?

ಡಾಂಗಲ್ ಚುಚ್ಚಿದ ಕ್ಷಣದಿಂದ ಪುಟ ತೆರೆಯುವವರೆಗೆ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಅದಕ್ಕೆ ಕರೆಂಟ್ ಸಾಲಬೇಕು. ಕಂಪ್ಯೂಟರ್ ಅದನ್ನು ಗುರುತಿಸಬೇಕು. ಆಮೇಲೆ ಅದು ಮೋಡೆಮ್ ಆಗಿ ಬದಲಾಗಬೇಕು. ಟವರ್ ಅದನ್ನು ಸೇರಿಸಿಕೊಳ್ಳಬೇಕು. ಆ ಟವರಿನಲ್ಲಿ ಡೇಟಾ ಕೊಡಲು ಕಂಪನಿ ಒಪ್ಪಬೇಕು. "ನೆಟ್ ಬರುವುದಿಲ್ಲ" ಎಂಬ ಒಂದೇ ದೂರಿನ ಹಿಂದೆ ಇವುಗಳಲ್ಲಿ ಯಾವುದೂ ಇರಬಹುದು. ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ನೋಡದೆ ಕೈ ಹಾಕಿದರೆ ಸುಮ್ನೆ ಸಮಯ ಹೋಗುತ್ತದೆ.

ಡಾಂಗಲನ್ನು ಅವರು ಚುಚ್ಚುವ ಹಾಗೆಯೇ ಚುಚ್ಚಿ ನೋಡಿದೆ. ಕ್ಯಾಬಿನೆಟ್ಟಿನ ಎದುರಿನ ಪೋರ್ಟ್, ಅದಕ್ಕೆ ಉದ್ದ ಕೇಬಲ್. ಟಿಂಗ್ ಅಂತ ಶಬ್ದ ಬಂತು. ಎರಡು ನಿಮಿಷದಲ್ಲಿ ಹೋದ ಶಬ್ದ. ಮತ್ತೆ ಬಂತು, ಮತ್ತೆ ಹೋಯಿತು. ಒಮ್ಮೊಮ್ಮೆ ಮೂಲೆಯಲ್ಲಿ "ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್" ಅಂತ ಹಳದಿ ಪಟ್ಟಿ. ಇದು ಕರೆಂಟಿನ ತೊಂದರೆಯ ಲಕ್ಷಣ.

ನನ್ನ ಚೀಲದಲ್ಲಿ ಸಿಪ್ಪೆ ಸುಲಿದ ಒಂದು ಚಿಕ್ಕ ಯುಎಸ್‌ಬಿ ಕೇಬಲ್ ಯಾವಾಗಲೂ ಇರುತ್ತದೆ. ಒಳಗೆ ನಾಲ್ಕು ತಂತಿಗಳು. ಹಸಿರು ಮತ್ತು ಬಿಳಿ ಡೇಟಾಕ್ಕೆ, ಕೆಂಪು ಮತ್ತು ಕಪ್ಪು ಕರೆಂಟಿಗೆ. ಅದನ್ನು ನಡುವೆ ಜೋಡಿಸಿ ಕೆಂಪು, ಕಪ್ಪಿಗೆ ಮಲ್ಟಿಮೀಟರ್ ಹಿಡಿದರೆ ಡಾಂಗಲ್ ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜ್ ಕಾಣುತ್ತದೆ. ಪೋರ್ಟಿನಲ್ಲಿ ಇರಬೇಕಾದ್ದು 5 ವೋಲ್ಟ್, 4.75ಕ್ಕಿಂತ ಕೆಳಗೆ ಹೋಗಬಾರದು. ಹಿಂದಿನ ಪೋರ್ಟಿನಲ್ಲಿ ಸರಿಯಾಗಿಯೇ ಇತ್ತು. ಎದುರಿನ ಪೋರ್ಟಿನಿಂದ ಹೊರಟು ಮೂರು ಮೀಟರ್ ದಾಟಿದ ತುದಿಯಲ್ಲಿ 4.6. ಕನೆಕ್ಟ್ ಒತ್ತಿದ ಕೂಡಲೇ 4.3ಕ್ಕೆ ಇಳಿಯಿತು. ಅಲ್ಲಿಗೆ ಡಾಂಗಲ್ ಸತ್ತು ಮತ್ತೆ ಹುಟ್ಟುತ್ತಿತ್ತು.

ಇದರಲ್ಲಿ ಡಾಂಗಲ್‌ನ ತಪ್ಪಿಲ್ಲ. ಯುಎಸ್‌ಬಿ 2.0 ಪೋರ್ಟ್ ಒಂದು ಸಾಧನಕ್ಕೆ ಕೊಡುವುದು ಹೆಚ್ಚೆಂದರೆ 500 ಮಿಲಿಆಂಪಿಯರ್. ಪೆನ್ ಡ್ರೈವ್‌ಗೆ ಅಷ್ಟು ಬೇಡ. ಡಾಂಗಲ್‌ನೊಳಗೆ ಇರುವುದು ಒಂದು ಮೊಬೈಲ್ ಫೋನಿನ ರೇಡಿಯೋ, ಆದರೆ ಬ್ಯಾಟರಿ ಇಲ್ಲ. ಟವರಿಗೆ ಕೂಗುವಾಗ ಅದು ಇರುವ ಕರೆಂಟನ್ನೆಲ್ಲ ಎಳೆಯುತ್ತದೆ. ಹಳೇ ಕ್ಯಾಬಿನೆಟ್ಟುಗಳಲ್ಲಿ ಎದುರಿನ ಪೋರ್ಟ್‌ಗೆ ಮದರ್‌ಬೋರ್ಡಿನಿಂದ ಹೋಗುವ ತಂತಿ ಸಪೂರ, ಅದರ ಮೇಲೆ ಅಗ್ಗದ ಉದ್ದ ಕೇಬಲ್. ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ತೋಟಕ್ಕೆ ಉದ್ದ ಪೈಪ್ ಎಳೆದರೆ ತುದಿಯಲ್ಲಿ ನೀರಿನ ಒತ್ತಡ ಕಡಿಮೆ ಆಗುತ್ತದಲ್ವಾ, ಹಾಗೆ.

ಕೇಬಲ್ ತೆಗೆದು ಡಾಂಗಲನ್ನು ನೇರ ಹಿಂದಿನ ಪೋರ್ಟಿಗೆ ಹಾಕಿದೆ. ಟಿಂಗ್ ಟಿಂಗ್ ನಿಂತಿತು.

ಸಿಡಿ ಆಗಿ ಬಂದದ್ದು ಮೋಡೆಮ್ ಆಗಲಿಲ್ಲ

ಈಗ ಮೈ ಕಂಪ್ಯೂಟರ್‌ನಲ್ಲಿ ಹೊಸ ಸಿಡಿ ಡ್ರೈವ್ ಕಾಣಿಸಿತು. ಮೋಡೆಮ್ ಮಾತ್ರ ಎಲ್ಲೂ ಇಲ್ಲ. ನೆಟ್ ಕನೆಕ್ಟ್ ಮಾಡುವ ಸಾಫ್ಟ್‌ವೇರ್ ಡಯಲರ್ ತೆರೆದರೆ "ನೋ ಡಿವೈಸ್".

ಈ ಡಾಂಗಲ್‌ಗಳು ಎರಡು ವೇಷ ಕಟ್ಟುತ್ತವೆ. ಚುಚ್ಚಿದಾಗ ಮೊದಲು ಬರುವುದು ಸಿಡಿ ಡ್ರೈವ್ ಆಗಿ. ಅದರಲ್ಲೇ ಅದರ ಸಾಫ್ಟ್‌ವೇರ್ ಇರುತ್ತದೆ, ಬೇರೆ ಸಿಡಿ ಕೊಡುವ ಖರ್ಚಿಲ್ಲ. ಆ ಸಾಫ್ಟ್‌ವೇರ್ ಒಮ್ಮೆ ಕೂತ ಮೇಲೆ ಡಾಂಗಲ್‌ಗೆ ಒಂದು ಸಂದೇಶ ಕಳಿಸುತ್ತದೆ. ಆಗ ಡಾಂಗಲ್ ತನ್ನನ್ನೇ ಕಿತ್ತುಕೊಂಡು, ಮೋಡೆಮ್ ಆಗಿ ಮತ್ತೆ ರಂಗಕ್ಕೆ ಬರುತ್ತದೆ. ಯಕ್ಷಗಾನದಲ್ಲಿ ಮೊದಲ ಪ್ರಸಂಗದ ಸ್ತ್ರೀವೇಷದವರು ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ) ಹೋಗಿ ಬೆಳಗಿನ ಹೊತ್ತಿಗೆ ಕಿರೀಟ ಕಟ್ಟಿ ಬಂದ ಹಾಗೆ. ಆಳು ಒಬ್ಬರೇ. ಇಲ್ಲಿ ಚೌಕಿಯಿಂದ ಹೊರಗೆ ಬರುವುದೇ ನಿಂತುಹೋಗಿತ್ತು.

ಡಾಂಗಲ್ ಕೆಟ್ಟಿದೆಯಾ, ವಿಂಡೋಸ್ ಕೆಟ್ಟಿದೆಯಾ? ಇದನ್ನು ಮೊದಲು ತಿಳಿಯಬೇಕಿತ್ತು. ಇನ್ನೊಂದು ಕಂಪ್ಯೂಟರ್ ಅಲ್ಲಿರಲಿಲ್ಲ. ಆಗ ಪುಳ್ಳಿ ತನ್ನ ಶಾಲೆಯ ಬ್ಯಾಗಿನಿಂದ ಒಂದು ಡಿವಿಡಿ ತಂದುಕೊಟ್ಟಳು. ಕೇರಳ ಸರಕಾರದ ಶಾಲಾ ಕಂಪ್ಯೂಟರ್ ಯೋಜನೆಯಾದ ಐಟಿ ಅಟ್ ಸ್ಕೂಲ್‌ನ ಉಬುಂಟು, ಅಂದರೆ ವಿಂಡೋಸ್ ಮುಟ್ಟದೆ ಡಿವಿಡಿಯಿಂದಲೇ ಓಡುವ ಒಂದು ಲಿನಕ್ಸ್. ಕೇರಳದ ಶಾಲೆಗಳಲ್ಲಿ ಐಟಿ ಪಾಠವೂ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಲಿನಕ್ಸ್‌ನಲ್ಲೇ. ಪೆರ್ಲದ ಹತ್ತನೇ ತರಗತಿಯ ಹುಡುಗಿಗೆ ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆಯಲು ಹೇಳಿಕೊಡಬೇಕಾಗಿಲ್ಲ. ಇದು ನಮ್ಮ ಜಿಲ್ಲೆಯ ಮಕ್ಕಳಿಗೆ ಸಿಕ್ಕಿದ ದೊಡ್ಡ ಲಾಭ ಅಂತ ನಾನು ನಂಬಿದ್ದೇನೆ.

512 ಎಂಬಿಯಲ್ಲಿ ಆ ಡಿವಿಡಿಯಿಂದ ಲಿನಕ್ಸ್ ಏಳಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಟೀಚರ್ ಚಾ ಮತ್ತು ಹಲಸಿನ ಹಪ್ಪಳ ತಂದಿಟ್ಟರು. ಹುಡುಗಿ ಎಲ್‌ಎಸ್‌ಯುಎಸ್‌ಬಿ ಎಂಬ ಕಮಾಂಡ್ ಕೊಟ್ಟಳು. ಸಿಕ್ಕಿಸಿದ ಸಾಧನಗಳ ಪಟ್ಟಿ ಬಂತು, ಪ್ರತಿಯೊಂದಕ್ಕೂ ಎರಡು ಸಂಖ್ಯೆ. ಮೊದಲಿನದ್ದು ತಯಾರಕರದ್ದು, ಎರಡನೆಯದ್ದು ಸಾಧನದ್ದು. ಕೆಲವು ಸೆಕೆಂಡು ಬಿಟ್ಟು ಮತ್ತೆ ಕೊಟ್ಟಾಗ ಡಾಂಗಲ್‌ನ ಎರಡನೇ ಸಂಖ್ಯೆ ಬದಲಾಗಿತ್ತು. "ಅಣ್ಣ, ವೇಷ ಬದಲಾಯಿತು!" ಎಂದಳು. ಲಿನಕ್ಸ್‌ನಲ್ಲಿ ಈ ಬದಲಾವಣೆ ಮಾಡಿಸಲೆಂದೇ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಅದು ತನ್ನ ಕೆಲಸ ಮಾಡಿತ್ತು. ಲಿನಕ್ಸ್ ಬರೆದಿಡುವ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನ ಕೊನೆಯ ಸಾಲುಗಳಲ್ಲಿ ಟಿಟಿವೈಯುಎಸ್‌ಬಿ 0, 1, 2 ಎಂದು ಮೂರು ಪೋರ್ಟುಗಳು ಹುಟ್ಟಿದ್ದವು. ಅಂದರೆ ಡಾಂಗಲ್ ಗಟ್ಟಿಯಾಗಿದೆ. ಕೆಟ್ಟದ್ದು ವಿಂಡೋಸಿನ ಬದಿಯಲ್ಲಿ.

ಎಕ್ಸ್‌ಪಿಗೆ ಮರಳಿದೆ. ಅಲ್ಲಿ ಆಗಿದ್ದು ಇಷ್ಟು. ವೈರಸ್ ಭಯಕ್ಕೆ ಆಂಟಿವೈರಸ್ ಆಟೋರನ್, ಅಂದರೆ ಸಿಡಿಯ ಸಾಫ್ಟ್‌ವೇರ್ ತಾನಾಗಿ ಶುರುವಾಗುವುದನ್ನು, ತಡೆದಿತ್ತು. ಸಾಫ್ಟ್‌ವೇರನ್ನು ಕೈಯಿಂದ ಹಾಕುವಾಗಲೆಲ್ಲ ಕರೆಂಟ್ ಕಮ್ಮಿಯಾಗಿ ಡಾಂಗಲ್ ನಡುವೆ ಕಿತ್ತುಕೊಂಡಿತ್ತು. ಹಾಗಾಗಿ ಮೂರು ಸಲವೂ ಡ್ರೈವರ್ ಅರ್ಧ ಮಾತ್ರ ಕೂತಿತ್ತು. ಹಳೇ ಅರ್ಧಗಳು ಅಲ್ಲೇ ಉಳಿದು ಹೊಸದಕ್ಕೆ ಅಡ್ಡ ಬರುತ್ತಿದ್ದವು. ಕಂಟ್ರೋಲ್ ಪ್ಯಾನೆಲ್‌ನಿಂದ ಪ್ರೋಗ್ರಾಂ ತೆಗೆದರೆ ಇವು ಹೋಗುವುದಿಲ್ಲ, ಡಿವೈಸ್ ಮ್ಯಾನೇಜರ್‌ನಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಕಾಣಿಸಲು ಒಂದು ದಾರಿ ಉಂಟು. ಕಮಾಂಡ್ ಪ್ರಾಂಪ್ಟ್ ತೆರೆದು ಸೆಟ್ ಎಂದು ಬರೆದು, ಡೆವ್‌ಎಮ್‌ಜಿಆರ್, ಶೋ, ನಾನ್‌ಪ್ರೆಸೆಂಟ್, ಡಿವೈಸಸ್ ಎಂಬ ನಾಲ್ಕು ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಿ, ಈಕ್ವಲ್ ಟು 1 ಅಂತ ಕೊಡಬೇಕು. ಅದೇ ಕಿಟಕಿಯಿಂದ ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಶೋ ಹಿಡನ್ ಡಿವೈಸಸ್ ಒತ್ತಿದರೆ, ಈಗ ಇಲ್ಲದ ಸಾಧನಗಳೆಲ್ಲ ಮಸುಕಾಗಿ ಕಾಣುತ್ತವೆ. ಮೋಡೆಮ್ ಮತ್ತು ಪೋರ್ಟ್‌ಗಳ ಕೆಳಗೆ ಹನ್ನೊಂದು ಮಸುಕು ಹೆಸರುಗಳಿದ್ದವು. ಒಂದೊಂದನ್ನೇ ಅನ್‌ಇನ್‌ಸ್ಟಾಲ್ ಮಾಡಿದೆ. ಇಲ್ಲಿ ಅವಸರ ಬೇಡ. ಕೀಬೋರ್ಡ್, ಮೌಸ್‌ನ ಹೆಸರುಗಳೂ ಅದೇ ಪಟ್ಟಿಯಲ್ಲಿ ಇರುತ್ತವೆ.

ರೀಸ್ಟಾರ್ಟ್ ಮಾಡಿ, ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಹಿಂದಿನ ಪೋರ್ಟಿನಲ್ಲೇ ಇಟ್ಟು ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ. ಈ ಸಲ ಮೋಡೆಮ್ ಬಂತು.

ಪೂರ್ವದ ಕಿಟಕಿ

ಮೋಡೆಮ್ ಬಂದರೂ ನೆಟ್ ಬರಲಿಲ್ಲ. ಕನೆಕ್ಟ್ ಒತ್ತಿದರೆ ಸ್ವಲ್ಪ ಹೊತ್ತು ಪ್ರಯತ್ನಿಸಿ ಬಿಟ್ಟುಬಿಡುತ್ತಿತ್ತು. ಮೊದಲು ಎಪಿಎನ್ (ಕಂಪನಿಯ ಡೇಟಾ ದಾರಿಯ ಹೆಸರು) ನೋಡಿದೆ, ಸರಿ ಇತ್ತು. ಡಯಲ್ ಮಾಡುವ ನಂಬರ್ ಸ್ಟಾರ್ 99 ಹ್ಯಾಶ್, ಅದೂ ಸರಿ. ಪ್ಯಾಕ್ ಇದೆ, ದುಡ್ಡಿದೆ. ಕಡ್ಡಿ ಮೂರು ಇದೆ.

ಇಂಥ ಹೊತ್ತಿನಲ್ಲಿ ಡಯಲರ್‌ನ ಬಣ್ಣದ ಪರದೆ ಏನೂ ಹೇಳುವುದಿಲ್ಲ. ಮೋಡೆಮ್ ಹತ್ತಿರವೇ ಕೇಳಬೇಕು. ಎಕ್ಸ್‌ಪಿಯ ಒಳ್ಳೆಯ ಗುಣಗಳಲ್ಲಿ ಒಂದು ಅದರೊಳಗೇ ಇರುವ, ಮೋಡೆಮ್ಮಿಗೆ ನೇರ ಕಮಾಂಡ್ ಕಳಿಸಬಲ್ಲ ಹೈಪರ್‌ಟರ್ಮಿನಲ್. ಡಯಲರ್ ಪೂರ್ತಿ ಮುಚ್ಚಿ, ಇಲ್ಲದಿದ್ದರೆ ಪೋರ್ಟ್ ಬಿಟ್ಟುಕೊಡುವುದಿಲ್ಲ, ಹೈಪರ್‌ಟರ್ಮಿನಲ್‌ನಲ್ಲಿ ಮೋಡೆಮ್ಮಿನ ಕಾಮ್ ಪೋರ್ಟ್ ತೆರೆದು ಎಟಿ ಎಂದು ಬರೆದೆ. ಓಕೆ ಅಂತ ಉತ್ತರ. ಎಟಿ ಪ್ಲಸ್ ಸಿಪಿನ್, ಪ್ರಶ್ನಾರ್ಥಕ ಚಿಹ್ನೆ: ರೆಡಿ. ಸಿಮ್ ಸರಿ ಇದೆ. ಎಟಿ ಪ್ಲಸ್ ಸಿಎಸ್‌ಕ್ಯೂ: 17. ಸಿಗ್ನಲ್‌ನ ಈ ಲೆಕ್ಕ 0ಯಿಂದ 31ರವರೆಗೆ, 17 ಅಂದರೆ ಚೆನ್ನಾಗಿಯೇ ಇದೆ. ಎಟಿ ಪ್ಲಸ್ ಸಿರೆಗ್, ಪ್ರಶ್ನಾರ್ಥಕ ಚಿಹ್ನೆ. ಉತ್ತರ: 0, 5.

ಆ ಐದು ಕಂಡ ಕೂಡಲೇ ಎಲ್ಲ ಅರ್ಥವಾಯಿತು. ಇಲ್ಲಿ 1 ಬಂದರೆ ಸ್ವಂತ ನೆಟ್‌ವರ್ಕ್‌ಗೆ ಸೇರಿದೆ ಅಂತ. 2 ಅಂದರೆ ಹುಡುಕುತ್ತಿದೆ, 3 ಅಂದರೆ ಸೇರಿಸಲಿಲ್ಲ. 5 ಅಂದರೆ ರೋಮಿಂಗ್.

ಡಾಂಗಲ್ ಸೇರಿಕೊಂಡದ್ದು ಕರ್ನಾಟಕದ ಟವರಿಗೆ.

ಗಡಿಯ ಬದಿಯವರಿಗೆ ಇದು ಹೊಸತಲ್ಲ. ಅಡಿಗೆಮನೆಯಿಂದ ಅಂಗಳಕ್ಕೆ ಬಂದರೆ ಕರ್ನಾಟಕಕ್ಕೆ ಸ್ವಾಗತ ಅಂತ ಮೊಬೈಲಿಗೆ ಮೆಸೇಜ್ ಬರುತ್ತಿತ್ತು. ಮೊಬೈಲ್ ಕಂಪನಿಗಳ ಸರ್ಕಲ್‌ಗಳನ್ನು, ಅಂದರೆ ಸೇವಾ ವಲಯಗಳನ್ನು, ಮಾಡಿದ್ದು ಹೆಚ್ಚುಕಮ್ಮಿ ರಾಜ್ಯಗಳ ಗಡಿ ನೋಡಿ. ನಮ್ಮ ಕಾಸರಗೋಡು 1956ರ ನವೆಂಬರ್ 1ರಿಂದ ಕೇರಳದಲ್ಲಿದೆ, ಹಾಗಾಗಿ ಸಿಮ್ ಕೇರಳ ಸರ್ಕಲ್‌ನದ್ದು. ಮನೆಯ ಪೂರ್ವಕ್ಕೆ ತೋಟ ಇಳಿಜಾರು, ಆಚೆ ಗುಡ್ಡೆಯ ಮೇಲಿನ ಟವರ್ ನೇರ ಕಾಣುತ್ತದೆ. ಅದು ಕರ್ನಾಟಕದ್ದು. ಪಶ್ಚಿಮಕ್ಕೆ ಕೆಂಪುಕಲ್ಲಿನ ದಪ್ಪ ಗೋಡೆ, ಮತ್ತೆ ಏರು. ಪೆರ್ಲದ ಕಡೆಯ ಟವರಿನ ಸಿಗ್ನಲ್ ಅದನ್ನು ದಾಟಿ ಬರಬೇಕು. ಜೋರಾಗಿ ಕೇಳಿದ್ದಕ್ಕೆ ಡಾಂಗಲ್ ಓಗೊಟ್ಟಿತು. ಅವರ ಪ್ಯಾಕ್‌ನಲ್ಲಿ ರೋಮಿಂಗ್ ಡೇಟಾ ಇರಲಿಲ್ಲ. ಟವರ್ ಸೇರಿಸಿಕೊಂಡಿತು, ಡೇಟಾ ಕೊಡಲಿಲ್ಲ. ಐದು ಕಡ್ಡಿ ಬರುತ್ತದೆ ಅಂತ ಉದ್ದ ಕೇಬಲ್ ಎಳೆದು ಪೂರ್ವದ ಕಿಟಕಿಗೆ ಕಟ್ಟಿದ್ದರಿಂದ ಅದು ಆ ಟವರನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಿತ್ತು. ಕಡ್ಡಿಗಳು ಸಿಗ್ನಲ್ ಎಷ್ಟಿದೆ ಅಂತ ಹೇಳುತ್ತವೆ, ಯಾರದ್ದು ಅಂತ ಹೇಳುವುದಿಲ್ಲ.

ಎಟಿ ಪ್ಲಸ್ ಸಿಒಪಿಎಸ್, ಈಕ್ವಲ್ ಟು, ಪ್ರಶ್ನಾರ್ಥಕ ಚಿಹ್ನೆ ಕೊಟ್ಟರೆ ಸುತ್ತಲಿನ ನೆಟ್‌ವರ್ಕ್‌ಗಳನ್ನೆಲ್ಲ ಹುಡುಕಿ ಪಟ್ಟಿ ಕೊಡುತ್ತದೆ. ಸ್ವಲ್ಪ ಹೊತ್ತು ಕಾಯಬೇಕು. ಪಟ್ಟಿಯಲ್ಲಿ ಅದೇ ಕಂಪನಿಯ ಹೆಸರು ಎರಡು ಸಲ ಇತ್ತು, ಸಂಖ್ಯೆ ಮಾತ್ರ ಬೇರೆ. ಈ ಸಂಖ್ಯೆಯ ಮೊದಲ ಮೂರು ಅಂಕಿ ದೇಶದ್ದು, ಭಾರತಕ್ಕೆ 404 ಅಥವಾ 405. ಆಮೇಲಿನವು ಕಂಪನಿ ಮತ್ತು ಸರ್ಕಲ್‌ನದ್ದು. ಹೆಸರು ನೋಡಿ ಆರಿಸಿದರೆ ಮೋಸ ಹೋಗುತ್ತೇವೆ, ಸಂಖ್ಯೆಯನ್ನೇ ನೋಡಬೇಕು. ಡಯಲರ್‌ನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಆಯ್ಕೆಯನ್ನು ಆಟೋದಿಂದ ಮ್ಯಾನುಯಲ್ ಮಾಡಿ ಕೇರಳದ್ದನ್ನು ಹಿಡಿಸಿದೆ. ಸಿರೆಗ್ ಈಗ 1. ಸಿಎಸ್‌ಕ್ಯೂ 9ಕ್ಕೆ ಇಳಿದಿತ್ತು. ಆದರೂ ಕನೆಕ್ಟ್ ಆಯಿತು.

ಹತ್ತು ನಿಮಿಷ ನಡೆದು ಕಡಿದುಹೋಯಿತು. ಸಿಗ್ನಲ್ ದುರ್ಬಲ ಆದಷ್ಟೂ ಡಾಂಗಲ್ ಜೋರಾಗಿ ಕೂಗಬೇಕು, ಜೋರಾಗಿ ಕೂಗಲು ಕರೆಂಟ್ ಜಾಸ್ತಿ ಬೇಕು. ಅದನ್ನು ಪಶ್ಚಿಮದ ಕಿಟಕಿಗೆ ಒಯ್ಯಲೇಬೇಕು. ಒಯ್ಯಲು ಉದ್ದ ಕೇಬಲ್ ಬೇಕು. ಆ ಕೇಬಲ್ಲೇ ಮೊದಲನೇ ತೊಂದರೆ. ಮರುದಿನ ಅಂಗಡಿಯಿಂದ ಸ್ವಂತ ಅಡಾಪ್ಟರ್ ಇರುವ ಒಂದು ಯುಎಸ್‌ಬಿ ಹಬ್ ತಂದೆ. ಹಬ್ಬನ್ನು ಪಶ್ಚಿಮದ ಕಿಟಕಿಯ ದಂಡೆಯಲ್ಲಿಟ್ಟು ಡಾಂಗಲನ್ನು ಅದಕ್ಕೇ ಚುಚ್ಚಿದೆ. ಕರೆಂಟ್ ಹಬ್‌ನ ಅಡಾಪ್ಟರಿನಿಂದ ಬರುತ್ತದೆ, ಉದ್ದ ಕೇಬಲ್ ಡೇಟಾವನ್ನು ಮಾತ್ರ ಹೊರುತ್ತದೆ. ಕೇಬಲನ್ನೂ ಹಿಂದಿನ ಪೋರ್ಟಿಗೇ ಹಾಕಿದೆ. ಸಿಎಸ್‌ಕ್ಯೂ 14. ಡಾಂಗಲ್ ಹತ್ತಿರ ಅಳೆದಾಗ ವೋಲ್ಟೇಜ್ 4.9, ಡೌನ್‌ಲೋಡ್ ಆಗುವಾಗಲೂ ಅಲುಗಲಿಲ್ಲ.

ಎಫ್1

ಅಲಾಟ್‌ಮೆಂಟ್ ಪುಟ ತೆರೆಯಿತು. ಟೀಚರ್ ಇ-ಮೇಲ್ ತೆರೆಯಲು ಹೋದರೆ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಎಚ್ಚರಿಕೆ. ಗಡಿಯಾರ ನೋಡಿದೆ. 2003ರ ಜನವರಿ 1.

"ಟೀಚರೇ, ಕಂಪ್ಯೂಟರ್ ಆನ್ ಮಾಡುವಾಗ ಏನಾದರೂ ಕೇಳುತ್ತದೆಯಾ?"

"ಎಫ್1 ಒತ್ತು ಅಂತ ಕೇಳುತ್ತದೆ. ದಿನಾ ಒತ್ತುತ್ತೇನೆ. ಎರಡು ವರ್ಷ ಆಯಿತು. ಒತ್ತಬಾರದಾ?"

ಮದರ್‌ಬೋರ್ಡಿನ ಮೇಲಿರುವ ಸಿಆರ್2032 ನಾಣ್ಯದ ಬ್ಯಾಟರಿ, ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ ನಡೆಸುವಂಥದ್ದು, ಮುಗಿದಿತ್ತು. ಸುರಕ್ಷಿತ ಪುಟಗಳ ಸರ್ಟಿಫಿಕೇಟಿಗೆ ಶುರುವಾಗುವ ದಿನವೂ ಮುಗಿಯುವ ದಿನವೂ ಇರುತ್ತದೆ. ಕಂಪ್ಯೂಟರ್ 2003ರಲ್ಲಿದ್ದರೆ ಅದಕ್ಕೆ 2013ರ ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲ. ಇಂಟರ್ನೆಟ್ ಇಲ್ಲದಾಗ ತಾರೀಕು ತಪ್ಪಿದ್ದು ಯಾರಿಗೂ ತೊಂದರೆ ಆಗಿರಲಿಲ್ಲ. ಬ್ಯಾಟರಿ ಬದಲಿಸಿ ತಾರೀಕು ಸರಿ ಮಾಡಿದೆ. ಹೋಗುವ ಮೊದಲು ವಿಂಡೋಸ್‌ನ ತಾನಾಗಿ ಅಪ್‌ಡೇಟ್ ಆಗುವುದನ್ನು ಕೇಳಿ ಮಾಡುವ ಹಾಗೆ ಇಟ್ಟೆ. ಒಂದು ಜಿಬಿಯ ಪ್ಯಾಕ್ ಇಲ್ಲದಿದ್ದರೆ ಅದಕ್ಕೇ ಹೋಗುತ್ತಿತ್ತು.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತಿತು. ಆ ರಜೆಯಲ್ಲಿ ಹುಡುಗಿ ತಾನೇ ಅಜ್ಜಿಯ ಬರಹಗಳನ್ನೆಲ್ಲ ಕಾಪಿ ಮಾಡಿಟ್ಟು, ಕಡಿಮೆ ರ್‍ಯಾಮ್ ಸಾಕಾಗುವ ಒಂದು ಲಿನಕ್ಸ್ ಹಾಕಿಕೊಟ್ಟಳು. ಹಬ್ ಅದೇ ಕಿಟಕಿಯಲ್ಲಿ ಇತ್ತು.

ನೆಟ್‌ವರ್ಕನ್ನು ಮ್ಯಾನುಯಲ್ ಮಾಡಿದ್ದರಿಂದ ಒಂದು ಅನನುಕೂಲ ಉಂಟು, ಅದನ್ನು ಅವರಿಗೆ ಮೊದಲೇ ಹೇಳಿದ್ದೆ. ಮಳೆಗಾಲದಲ್ಲಿ ಕರೆಂಟ್ ತುಂಬಾ ಹೊತ್ತು ಹೋದರೆ ಪೆರ್ಲದ ಕಡೆಯ ಟವರಿನ ಬ್ಯಾಟರಿ ಮುಗಿಯುತ್ತದೆ. ಆಗ ಡಾಂಗಲ್ ಕರ್ನಾಟಕದ ಟವರಿಗೆ ಹಾರುವುದಿಲ್ಲ, ನೋ ಸರ್ವಿಸ್ ಅಂತ ತೋರಿಸಿ ಸುಮ್ಮನೆ ಕೂರುತ್ತದೆ. ಜುಲೈಯಲ್ಲಿ ಒಂದು ಸಂಜೆ ಟೀಚರ್ ಫೋನ್ ಮಾಡಿದರು.

"ಮಧ್ಯಾಹ್ನದಿಂದ ಕರೆಂಟಿಲ್ಲ. ಯುಪಿಎಸ್‌ನಲ್ಲಿ ಒಮ್ಮೆ ಆನ್ ಮಾಡಿ ನೋಡಿದೆ. ಮೋಡೆಮ್ ಉಂಟು, ನೋ ಸರ್ವಿಸ್ ಅಂತ ಉಂಟು. ಹಾಗಾದರೆ ಟವರೇ ಮಲಗಿದ್ದಲ್ವಾ?"

"ಹೌದು ಟೀಚರೇ."

"ಸರಿ. ಕರೆಂಟ್ ಬಂದ ಮೇಲೆ ನೋಡುತ್ತೇನೆ."